ಹೊತ್ತು ಮುಳುಗುವ ಮುಂಚಿನ ರೊಟ್ಟಿ

ಆ ವರ್ಷ ಕೃಷ್ಣೆ ಸಾಂಗ್ಲಿಯ ನಮ್ಮ ಓಣಿಯೊಳಗೆ ಬಂದಾಗ ಅತ್ತೆಯವರು ಮನೆಯಿಂದ ಎತ್ತಿಕೊಂಡದ್ದು ಎರಡೇ ವಸ್ತು. ಒಂದು ಸಕ್ಕರೆ ಕಾಯಿಲೆಯ ಗುಳಿಗೆಗಳ ಡಬ್ಬಿ, ಇನ್ನೊಂದು ನೀರು ಸೋಸುವ ಬಿಳಿ ಬಟ್ಟೆ. “ಆಯಿ, ಕಪಾಟಿನ್ಯಾಗ ಬಂಗಾರ ಐತಿ” ಎಂದು ನಾನು ಬಾಯಿ ತೆಗೆದರೆ, “ಬಂಗಾರಕ್ಕ ಈಸಾಕ ಬರೂದಿಲ್ಲ. ಇಟ್ಟಲ್ಲೇ ಇರತೈತಿ. ನೀ ನಡಿ” ಎಂದು ನನ್ನ ಭುಜ ಹಿಡಿದು ದೋಣಿಗೆ ಕಾಲಿಟ್ಟರು.

ಯಜಮಾನರು ಕೆಲಸದ ಮೇಲೆ ಪುಣೆಗೆ ಹೋದವರು ಅಲ್ಲೇ ಸಿಕ್ಕಿಕೊಂಡಿದ್ದರು, ರಸ್ತೆ ಮುಚ್ಚಿತ್ತು. ಹಾಗಾಗಿ ದೋಣಿಯಲ್ಲಿ ನಾವಿಬ್ಬರೇ. ದೋಣಿಯಿಂದ ಇಳಿದವರನ್ನು ಒಂದು ಟೆಂಪೋಗೆ ಹತ್ತಿಸಿ ವಿಶ್ರಾಮಬಾಗ ದಾಟಿ ಮಿರಜದ ಕಡೆಗೆ, ಎತ್ತರದಲ್ಲಿದ್ದ ಒಂದು ಶಾಲೆಗೆ ತಂದು ಬಿಟ್ಟರು. ಗೇಟು ಕಂಡ ಕೂಡಲೇ ನನಗೆ ಗುರುತಾಯಿತು. ನಾನು ಕಲಿತ ಕಾನ್ವೆಂಟು. ಕಿಟಕಿ ಸರಳುಗಳಿಗೆ ಅದೇ ಹಸಿರು ಬಣ್ಣ. ನಮ್ಮನ್ನು ಕೂರಿಸಿದ್ದು ಒಂಬತ್ತನೇ ಇಯತ್ತೆಯ ಕೋಣೆಯಲ್ಲಿ. ಬೆಂಚುಗಳನ್ನು ಒಂದರ ಮೇಲೊಂದು ಗೋಡೆಗೆ ಒಟ್ಟಿ, ನೆಲಕ್ಕೆ ಜಮಖಾನೆ ಹಾಸಿದ್ದರು. ಒದ್ದೆ ಸೀರೆ, ಸುಣ್ಣದ ಕಡ್ಡಿ, ಫಿನೈಲು, ಮೂರರದೂ ಕೂಡಿದ ವಾಸನೆ.

ಅತ್ತೆಯವರನ್ನು ಗೋಡೆಗೆ ಒರಗಿಸಿ ಕೂರಿಸಿದೆ. ಅವರ ಕೈ ಮೊಣಕಾಲ ಮೇಲಿತ್ತು, ಅಲುಗಾಡುವುದು ಕಣ್ಣಿಗೆ ಕಾಣುತ್ತಿರಲಿಲ್ಲ. ಆದರೆ ಬಳೆಗಳು ಸಣ್ಣಗೆ ಕಿಣಿಕಿಣಿ ಅನ್ನುತ್ತಿದ್ದವು. ಆ ಸದ್ದು ಕೇಳಿದ ಮೇಲೆಯೇ ಅವರ ಸಕ್ಕರೆ ಇಳಿಯುತ್ತಿದೆ ಎಂದು ನನಗೆ ಹೊಳೆದದ್ದು. ಬೆಳಿಗ್ಗೆ ಎದ್ದವರೇ ರೂಢಿಯಂತೆ ಗುಳಿಗೆ ನುಂಗಿದ್ದರು. ಪೂಜೆ ಮುಗಿಸಿ ಉಣ್ಣುವುದು ಅವರ ಪದ್ಧತಿ. ಒಲೆ ಹಚ್ಚುವಷ್ಟರಲ್ಲಿ ನೀರು ಮೆಟ್ಟಿಲು ಹತ್ತಿತ್ತು. ಗುಳಿಗೆ ಹೊಟ್ಟೆಗೆ ಹೋಗಿದೆ, ಅನ್ನ ಹೋಗಿಲ್ಲ. ಈಗ ಮಧ್ಯಾಹ್ನ ದಾಟಿತ್ತು.

ನಮ್ಮದು ಜೈನರ ಮನೆ. ಹಗಲು ಬೇಯಿಸಿದ್ದನ್ನು ಹಗಲಲ್ಲೇ ಉಂಡು ಮುಗಿಸಬೇಕು. ಹೊತ್ತು ಮುಳುಗಿದ ಮೇಲೆ ಅತ್ತೆಯವರು ಹನಿ ನೀರನ್ನೂ ಮುಟ್ಟುವುದಿಲ್ಲ. ನಿನ್ನೆಯ ರೊಟ್ಟಿ ಅವರ ತಾಟಿಗೆ ಬರುವುದಿಲ್ಲ. ಅದು ಚಾತುರ್ಮಾಸ ಬೇರೆ, ಹಣ್ಣನ್ನೂ ಬಿಟ್ಟಿದ್ದರು. ಪುಡಿಕೆಯಲ್ಲಿ ಬರುವ ಬಿಸ್ಕಿಟ್ಟು ಮೊದಲಿನಿಂದಲೂ ಇಲ್ಲ. ಮೋಡ ಮುಚ್ಚಿದ ದಿನ ಹೊತ್ತು ಮುಳುಗಿತೋ ಇಲ್ಲವೋ ತಿಳಿಯಲು ಅವರದೊಂದು ಲೆಕ್ಕವಿತ್ತು. ಕಿಟಕಿಯ ಬೆಳಕಿಗೆ ಅಂಗೈ ಹಿಡಿಯುತ್ತಾರೆ. ಗೆರೆ ಕಂಡರೆ ಹಗಲು, ಕಾಣದಿದ್ದರೆ ರಾತ್ರಿ. ಗೋಡೆಯ ಗಡಿಯಾರ ಏನು ಹೇಳಿದರೂ ಅವರಿಗೆ ಲೆಕ್ಕವಿಲ್ಲ. ದೀಪದ ಬೆಳಕು ನಡೆಯುವುದಿಲ್ಲ. ಅವರ ತಾಯಿ ಕಲಿಸಿದ್ದಂತೆ.

ಅಷ್ಟರಲ್ಲಿ ಬೇಡಗದಿಂದ ರೊಟ್ಟಿಯ ಟೆಂಪೋ ಬಂತು. ಆ ಹಳ್ಳಿಯವರು ಮನೆಮನೆಯಲ್ಲಿ ರೊಟ್ಟಿ ಬಡಿದು, ಹಳೆಯ ಸೀರೆಗಳಲ್ಲಿ ಗಂಟು ಕಟ್ಟಿ ಕಳಿಸಿದ್ದರು. ಗಂಟು ಬಿಚ್ಚಿದರೆ ಜೋಳದ ರೊಟ್ಟಿಯ ವಾಸನೆ ಕೋಣೆಯನ್ನೆಲ್ಲ ತುಂಬಿತು. ಹಂಚುತ್ತಿದ್ದವಳು ನನಗಿಂತ ಹಿರಿಯ, ದಪ್ಪ ಕುಂಕುಮದ ಒಬ್ಬ ಹೆಂಗಸು. ಅತ್ತೆಯವರ ಮುಂದೆ ಬಂದು ಎರಡು ರೊಟ್ಟಿ, ಅದರ ಮೇಲೆ ಒಣ ಚಟ್ನಿ ಇಟ್ಟಳು.

“ತಗೋರಿ ಆಜಿ.”

ಅತ್ತೆಯವರು ರೊಟ್ಟಿ ಮುಟ್ಟಲಿಲ್ಲ. “ಯಾವಾಗ ಬಡದ್ರಿ, ತಂಗಿ?”

“ನಸಕಿನ್ಯಾಗ್ರಿ. ಇನ್ನ ಕತ್ತಲ ಇತ್ತ, ಓಣಿ ಹೆಣಮಕ್ಕಳೆಲ್ಲಾ ಎದ್ದ ಕುಂತೇವ್ರಿ.”

“ಸೂರ್ಯಾ ಹುಟ್ಟಿದ್ದಿಲ್ಲ?”

“ಇಲ್ರಿ. ಇವತ್ತ ಹುಟ್ಟ್ಯಾನೋ ಇಲ್ಲೋ ಅದೂ ಗೊತ್ತಿಲ್ಲ, ಮ್ವಾಡ ನೋಡ್ರಿ” ಎಂದು ಆಕೆ ನಕ್ಕಳು.

ಅತ್ತೆಯವರು ಎರಡೂ ಕೈಯಿಂದ ರೊಟ್ಟಿಯನ್ನು ಎತ್ತಿ, ಹಣೆಗೆ ಮುಟ್ಟಿಸಿ, ತಿರುಗಿ ಆಕೆಯ ಬುಟ್ಟಿಗೆ ಇಟ್ಟರು. “ನಂದೊಂದು ನೇಮ ಐತಿ, ಯವ್ವಾ. ಕತ್ತಲಾಗ ಹಚ್ಚಿದ ಒಲೀದು ನಾ ಉಣ್ಣೂದಿಲ್ಲ. ಬೆಳಕಿಲ್ಲದಾಗ ಬೆಂಕ್ಯಾಗ ಯಾವ ಜೀವ ಬಿತ್ತು, ಯಾರಿಗಿ ಕಾಣತೈತಿ?”

ಆ ಹೆಂಗಸಿನ ಮುಖ ಕೆಂಪಾಯಿತು. “ನಮ್ಮ ರೊಟ್ಟಿ ಹಳೇವಾದ್ವೇನ್ರಿ ಆಜಿ? ಅಂಗೈ ಇನ್ನ ಉರಿಯಾಕತ್ತಾವು ನೋಡ್ರಿ.” ನಿಜವಾಗಿಯೂ ಕೈ ಮುಂದೆ ಮಾಡಿ ತೋರಿಸಿದಳು. ಅತ್ತೆಯವರು ಆ ಕೈಯನ್ನು ಸವರಿದರು. ರೊಟ್ಟಿಯನ್ನು ಮಾತ್ರ ತೆಗೆದುಕೊಳ್ಳಲಿಲ್ಲ.

ಶಿಬಿರಕ್ಕೆ ಬಂದಿದ್ದ ಡಾಕ್ಟರು ಎಳೆಯ ಹುಡುಗಿ. ಬೆರಳಿಗೆ ಸೂಜಿ ಚುಚ್ಚಿ ಯಂತ್ರ ನೋಡಿದವಳೇ ಹುಬ್ಬು ಗಂಟಿಕ್ಕಿ ಬೆಲ್ಲ ತರಿಸಿದಳು. ಬೆಲ್ಲಕ್ಕೆ ಅತ್ತೆಯವರ ತಕರಾರಿರಲಿಲ್ಲ. ಬಾಯಿಗೆ ಹಾಕಿಕೊಂಡ ಸ್ವಲ್ಪ ಹೊತ್ತಿಗೆ ಬಳೆಗಳ ಸದ್ದು ನಿಂತಿತು. “ಗೂಳ ಠೀಕ ಆಹೆ, ಪಣ ಪೋಟಾತ ಭಾಕರಿ ಗೇಲೀ ಪಾಹಿಜೆ,” ಎಂದಳು ಹುಡುಗಿ. ಬೆಲ್ಲ ಸರಿಯೇ, ಆದರೆ ಹೊಟ್ಟೆಗೆ ರೊಟ್ಟಿ ಹೋಗಲೇಬೇಕು. ನನ್ನನ್ನು ಬಾಗಿಲ ಬಳಿಗೆ ಕರೆದು ದನಿ ತಗ್ಗಿಸಿದಳು. ಬೆಲ್ಲ ಕರಗಿದ ಮೇಲೆ ಸಕ್ಕರೆ ಮತ್ತೆ ಇಳಿಯುತ್ತದೆ, ಖಾಲಿ ಹೊಟ್ಟೆಯಲ್ಲಿ ಮಲಗಿದರೆ ಎಚ್ಚರ ತಪ್ಪಬಹುದು, ರಾತ್ರಿ ಇಲ್ಲಿಂದ ಆಸ್ಪತ್ರೆಗೆ ಗಾಡಿ ಹೋಗುತ್ತದೋ ಇಲ್ಲವೋ ನೀರು ಇಳಿಯುವುದರ ಮೇಲಿದೆ.

“ಇವತ್ತ ಒಂದಿನ ನೇಮ ಬಿಡ್ರಿ, ಆಯಿ” ಎಂದೆ.

“ಬಿಟ್ಟದ್ದನ್ನ ಹಿಡಿಯೂದು, ಹಿಡದದ್ದನ್ನ ಬಿಡೂದು, ಹಿಂಗ ಮಾಡಕೋತ ಹ್ವಾದ್ರ ನೇಮ ಯಾಕ ಬೇಕ ಪೋರಿ?” ಅಷ್ಟೇ ಹೇಳಿ ಕಣ್ಣು ಮುಚ್ಚಿಕೊಂಡರು. ಸಿಟ್ಟಿನಿಂದಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಹೊರಗೆ ಮೋಡ ಕಪ್ಪಾಗುತ್ತಿತ್ತು. ನಾನು ತಲೆ ಎತ್ತಿದಾಗ ಕರಿಹಲಗೆಯ ಮೇಲುಗಡೆ ಆ ಚೌಕಟ್ಟು ಕಂಡಿತು. ನಾವು ದಿನಾ ಬೆಳಿಗ್ಗೆ ಹೇಳುತ್ತಿದ್ದ ಪ್ರಾರ್ಥನೆ. ಜೈನರು, ಲಿಂಗಾಯತರು, ಮರಾಠರು, ಮುಸಲ್ಮಾನರು, ಎಲ್ಲ ಹುಡುಗಿಯರೂ ಕೈ ಜೋಡಿಸಿ, ಸ್ವರ್ಗದಲ್ಲಿರುವ ತಂದೆಯ ಹತ್ತಿರ ಇಂಗ್ಲಿಷಿನಲ್ಲಿ ದಿನದ ರೊಟ್ಟಿ ಕೇಳುತ್ತಿದ್ದೆವು. ಇದೇ ಕೋಣೆಯಲ್ಲಿ ಒಮ್ಮೆ ನಾನು ಎದ್ದು ನಿಂತು, ದೇವರ ಹತ್ತಿರ ಒಂದೇ ದಿನದ್ದು ಯಾಕೆ ಕೇಳುವುದು, ಕ್ರೈಸ್ತರೂ ನಮ್ಮ ಹಾಗೆ ನಿನ್ನೆಯದನ್ನು ತಿನ್ನುವುದಿಲ್ಲವೇ ಎಂದು ಕೇಳಿದ್ದೆ. ತರಗತಿಯೆಲ್ಲ ನಕ್ಕಿತ್ತು. ಪಾಠ ಹೇಳುತ್ತಿದ್ದ ಸಿಸ್ಟರ್ ನಗಲಿಲ್ಲ. ಅವರು ಮಂಗಳೂರಿನ ಕಡೆಯವರು. ಪಾದ್ರಿಯಾಗಿದ್ದ ಅಣ್ಣನಿಂದ ಗ್ರೀಕ್ ಭಾಷೆ ಕಲಿತಿದ್ದರು. ಹಲಗೆಯ ಮೇಲೆ ಇರುವೆ ಸಾಲಿನಂಥ ಅಕ್ಷರ ಬರೆದು, ಕೆಳಗೆ ನಮಗೆ ತಿಳಿಯುವಂತೆ ಬರೆದರು: ಎಪಿಊಸಿಯೊಸ್.

ರೊಟ್ಟಿ ಎಂಥದು ಎಂದು ಹೇಳುವ ಮಾತು ಅದು. ಪ್ರಾರ್ಥನೆಯ ಗ್ರೀಕ್ ಬರಹದಲ್ಲಿ, ನಾವು ‘ದಿನದ’ ಎನ್ನುವ ಜಾಗದಲ್ಲಿದೆ. ವಿಚಿತ್ರವೆಂದರೆ ಹಳೆಯ ಗ್ರೀಕ್ ಬರಹದ ರಾಶಿಯಲ್ಲಿ ಅದು ಬೇರೆಲ್ಲೂ ಸಿಗುವುದಿಲ್ಲ. ಹುಟ್ಟಿನಿಂದ ಗ್ರೀಕ್ ಆಡಿದ ಹಳೆಯ ಕಾಲದ ಒಬ್ಬ ಪಂಡಿತರೇ, ಇದನ್ನು ವಿದ್ವಾಂಸರ ಬಾಯಲ್ಲೂ ಕೇಳಿಲ್ಲ, ಬೀದಿಯ ಮಾತಿನಲ್ಲೂ ಕೇಳಿಲ್ಲ, ಪ್ರಾರ್ಥನೆ ಬರೆದಿಟ್ಟವರೇ ಕಟ್ಟಿದ್ದಿರಬೇಕು ಎಂದುಬಿಟ್ಟರಂತೆ. ಯೇಸು ಆಡಿದ್ದು ಬೇರೆ ಭಾಷೆ. ಅವರ ಬಾಯಿಂದ ಬಂದ ಮೂಲದ ಮಾತು ಯಾವುದೋ, ಈಗ ಹೇಳುವವರಿಲ್ಲ. ಹಾಗಾಗಿ ಶಬ್ದವನ್ನು ಬಿಡಿಸಿ ನೋಡಬೇಕು. ಒಂದು ರೀತಿ ಬಿಡಿಸಿದರೆ ‘ಇರವಿಗೆ ಬೇಕಾದಷ್ಟು’ ಎಂದಾಗುತ್ತದೆ. ಇನ್ನೊಂದು ರೀತಿ ಬಿಡಿಸಿದರೆ ‘ಬರಲಿರುವ ದಿನದ’. ಲ್ಯಾಟಿನ್ನಿಗೆ ತಂದ ಮಹನೀಯರು ಒಂದು ಸುವಾರ್ತೆಯಲ್ಲಿ ‘ದಿನದಿನದ’ ಎಂದೂ, ಇನ್ನೊಂದರಲ್ಲಿ ‘ಪದಾರ್ಥವನ್ನೇ ಮೀರಿದ’ ಎಂದೂ ಬರೆದರು. ಒಂದೇ ಶಬ್ದಕ್ಕೆ! “ನಿನ್ನ ಪ್ರಶ್ನೆಗೆ ಉತ್ತರ ಇಲ್ಲ ಮಾರಾಯ್ತಿ, ಕೂತುಕೋ” ಎಂದಿದ್ದರು ಸಿಸ್ಟರ್. ಉತ್ತರ ಇಲ್ಲ ಎಂದು ಒಪ್ಪಿಕೊಂಡ ಶಿಕ್ಷಕರನ್ನು ನಾನು ಕಂಡದ್ದು ಆಗ ಒಂದೇ ಸಲ. ಅದಕ್ಕೇ ಆ ಶಬ್ದ ಮರೆಯಲಿಲ್ಲ. ಇತ್ತೀಚೆಗೆ ಮೊಬೈಲಿನಲ್ಲಿ ಇನ್ನೊಂದು ಸಂಗತಿ ಓದಿದೆ. ಈಜಿಪ್ತಿನಲ್ಲಿ ಸಿಕ್ಕ ಒಂದು ಹಳೆಯ ಮನೆಖರ್ಚಿನ ಚೀಟಿಯಲ್ಲಿ ಈ ಶಬ್ದ ಇದೆ ಎಂದು ಒಬ್ಬರು ಹೇಳಿದ್ದರಂತೆ. ಎಷ್ಟೋ ಕಾಲ ಆ ಚೀಟಿಯೇ ಕಳೆದುಹೋಗಿತ್ತು. ಮತ್ತೆ ಸಿಕ್ಕಾಗ ಬೇರೆಯವರು ಓದಿ ನೋಡಿದರೆ, ಅದು ಬರೀ ‘ಎಣ್ಣೆ’ ಎಂಬ ಶಬ್ದ! ಅಡುಗೆಮನೆಯಲ್ಲಿ ಕೂತು ಓದಿದ ನನಗೆ ನಗು ಬಂತು.

ಆದರೆ ಆ ಮಧ್ಯಾಹ್ನ ನಗುವ ಸ್ಥಿತಿ ಇರಲಿಲ್ಲ. ನನಗೆ ಬೇಕಾದದ್ದು ಒಂದು ರೊಟ್ಟಿ. ಇವತ್ತಿನ ಹಗಲಲ್ಲಿ ಬೆಂದದ್ದು, ಇವತ್ತಿನ ಹಗಲು ಇರುವಾಗಲೇ ಆಗಬೇಕಾದದ್ದು.

ಸೋಸುವ ಬಟ್ಟೆ ತೆಗೆದುಕೊಂಡು ಹಿತ್ತಲಿನ ಬಾವಿಗೆ ಓಡಿದೆ. ಬಾವಿಯ ಕಟ್ಟೆಯ ಬಳಿ ಕೊಡೆ ಹಿಡಿದು ನಿಂತಿದ್ದ ಮುದುಕಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಎಂತ ಮಾರಾಯ್ತಿ, ನೀನಾ? ಓಡಬೇಡ, ಪಾಚಿ ಉಂಟು.”

ಅದೇ ಸಿಸ್ಟರ್! ಬೆನ್ನು ಬಾಗಿತ್ತು, ದನಿ ಬಾಗಿರಲಿಲ್ಲ. ನೀರು ಸೇದಿ, ಬಟ್ಟೆಯನ್ನು ಮಡಿಸಿ ಸೋಸುತ್ತಾ ಎಲ್ಲ ಹೇಳಿದೆ. ಬಟ್ಟೆ ತೊಳೆದ ನೀರನ್ನು ತಿರುಗಿ ಬಾವಿಗೇ ಇಳಿಸಬೇಕು, ಅದರಲ್ಲಿನ ಸಣ್ಣ ಜೀವಗಳು ತಮ್ಮ ಮನೆಗೆ ಹೋಗಬೇಕು. ನಾನು ಅವಸರದಲ್ಲೂ ಅದನ್ನು ಬಿಡದಿದ್ದನ್ನು ಸಿಸ್ಟರ್ ನೋಡಿದರು. ಆಮೇಲೆ, “ಬಾ, ಅಡುಗೆಮನೆಗೆ” ಎಂದರು.

ಹಿಟ್ಟು ಬೇಕಿತ್ತು. ಟೆಂಪೋದಲ್ಲಿ ಒಂದು ಚೀಲ ಹಿಟ್ಟು ಇರುವುದನ್ನು ನಾನು ನೋಡಿದ್ದೆ. ಬೇಡಗದ ಹೆಂಗಸಿನ ಬಳಿಗೆ ಹೋಗಲು ಕಾಲು ಹಿಂಜರಿಯಿತು. ರೊಟ್ಟಿ ತಿರುಗಿ ಕೊಟ್ಟವರ ಸೊಸೆ ನಾನು.

“ಮಾವಶಿ, ಹಿಟ್ಟ ಯಾವಾಗ ಬೀಸಿದ್ದು?”

“ಓ, ಈಗ ಹಿಟ್ಟಿಂದೂ ಜಾತಕ ಕೇಳತೀರೇನ?” ಎಂದಳು. ನನ್ನ ಮುಖ ನೋಡಿ ದನಿ ಇಳಿಸಿದಳು. “ನಿನ್ನೆ ಹಗಲ ಹೊತ್ತಿನ್ಯಾಗ, ಗಿರಣ್ಯಾಗ. ಯಾಕ, ಆಜಿ ಏನೂ ತಿಂದಿಲ್ಲೇನ ಇನ್ನ?”

“ಇಲ್ರಿ. ಹೊತ್ತ ಮುಳಗಿದ್ರ ನೀರೂ ಕುಡಿಯೂದಿಲ್ಲ.”

ಆಕೆ ಬುಟ್ಟಿಯನ್ನು ಅಲ್ಲೇ ಬಿಟ್ಟಳು. ಸೆರಗಿನಲ್ಲಿ ಹಿಟ್ಟು ತುಂಬಿಕೊಂಡು ನನಗಿಂತ ಮುಂದೆ ನಡೆದಳು. ಮಳೆಗಾಲದ ಹಿಟ್ಟು ಬೇಗ ಕೆಡುತ್ತದೆಂದು ಅತ್ತೆಯವರು ಹಳೆಯದನ್ನು ಒಪ್ಪುವುದಿಲ್ಲ. ನಿನ್ನೆಯದಾದರೆ ನಡೆಯುತ್ತದೆ.

ಕಾನ್ವೆಂಟಿನ ಅಡುಗೆಮನೆಯಲ್ಲಿ ದೊಡ್ಡ ಕಬ್ಬಿಣದ ಹಂಚು ಒಲೆಯ ಮೇಲೇ ಇತ್ತು. ನಾನು ಕೈ ಹಾಕುವ ಮೊದಲೇ ಸಿಸ್ಟರ್ ತಡೆದರು. “ಬೆಳಿಗ್ಗೆ ಇದರಲ್ಲಿ ಆಮ್ಲೆಟ್ ಆಗಿದೆ. ನಿನ್ನ ಅತ್ತೆ ಕೇಳಿದರೆ ನಾನು ಸುಳ್ಳು ಹೇಳುವುದಿಲ್ಲ.”

“ಆಜೀಗಿ ಯಾರ ಹೇಳತಾರ ಬಿಡ್ರಿ! ಚಲೋತ್ನ್ಯಾಗ ತಿಕ್ಕೂಣು” ಎಂದಳು ಬೇಡಗದ ಹೆಂಗಸು.

“ಬ್ಯಾಡ್ರಿ. ಆಯಿ ಕೇಳೇ ಕೇಳತಾರ, ನಾ ಹೇಳೇ ಹೇಳತೇನಿ” ಎಂದೆ. ಕಿಟಕಿಯ ಹೊರಗೆ ಬೇವಿನ ಮರದ ಎಲೆಗಳು ಬೇರೆಬೇರೆಯಾಗಿ ಕಾಣುವುದು ನಿಂತು, ಒಂದೇ ಮುದ್ದೆಯಾಗುತ್ತಿದ್ದವು. ಎಷ್ಟು ಹೊತ್ತು ಉಳಿದಿದೆ ಎನ್ನುವುದೇ ತಿಳಿಯದು.

ಸಿಸ್ಟರ್ ಏನನ್ನೋ ನೆನೆದು ಒಳಗೆ ಹೋದರು. ತಿರುಗಿ ಬಂದಾಗ ಕೈಯಲ್ಲಿ ಎರಡು ಹೊಸ ಸ್ಟೀಲ್ ತಾಟು. ಅವಕ್ಕೆ ಕಟ್ಟಿದ ಕೆಂಪು ರಿಬ್ಬನ್ ಇನ್ನೂ ಬಿಚ್ಚಿರಲಿಲ್ಲ. “ಆಟೋಟದ ಬಹುಮಾನ. ಓಟದಲ್ಲಿ ಗೆದ್ದವರಿಗೆ. ನೀನು ಒಂದು ವರ್ಷವೂ ಗೆಲ್ಲಲಿಲ್ಲ, ನನಗೆ ನೆನಪುಂಟು. ಇವತ್ತು ತಗೋ.”

ಒಂದು ತಾಟನ್ನೇ ಹಂಚು ಮಾಡಿ, ಒಲೆಯ ಮೇಲೆ ಬೋರಲು ಹಾಕಿ ಬರ್ನರ್ ಹಚ್ಚಿದೆ. ಬಿಸಿನೀರಿನಲ್ಲಿ ಹಿಟ್ಟು ಕಲಸಿ, ಕಟ್ಟೆಯ ಮೇಲೆ ಬಡಿಯತೊಡಗಿದೆ. ತೆಳುವಾದ ತಾಟು ಕಾದು ಟಣ್ಣೆಂದು ಉಬ್ಬಿತು. ಮೊದಲ ರೊಟ್ಟಿ ನಡುವೆ ಕರಿದಾಗಿ ಅಂಚಿನಲ್ಲಿ ಹಸಿಯಾಗಿ ಉಳಿಯಿತು. ಎರಡನೆಯದನ್ನು ಎತ್ತುವಾಗ ನನ್ನ ಬೆರಳು ತಾಟಿಗೆ ತಾಗಿತು, ರೊಟ್ಟಿ ಹರಿದು ನೆಲಕ್ಕೆ ಬಿತ್ತು.

“ಬೆಂಕಿ ಸಣ್ಣ ಮಾಡ್ರಿ, ತಾಟ ನಾ ಹಿಡೀತೇನಿ” ಎಂದು ಬೇಡಗದ ಹೆಂಗಸು ಇಕ್ಕಳದಿಂದ ತಾಟಿನ ಅಂಚು ಹಿಡಿದು ಅದನ್ನು ಮೆಲ್ಲಗೆ ತಿರುಗಿಸತೊಡಗಿದಳು.

ಸಿಸ್ಟರ್ ಬಾಗಿಲಲ್ಲಿ ನಿಂತು ಆಕಾಶ ನೋಡುತ್ತಿದ್ದರು. “ನಿನ್ನ ಆ ಪ್ರಶ್ನೆ ನಾನು ಮರೆಯಲಿಲ್ಲ. ನನಗೆ ಈಗ ‘ಬರಲಿರುವ ದಿನ’ ಅನ್ನುವುದೇ ಸರಿ ಅನಿಸುತ್ತದೆ. ಬೆಳಕು ಹರಿಯುವ ಮುಂಚೆ ಪ್ರಾರ್ಥನೆ ಹೇಳಿದರೆ ಅದು ಇವತ್ತು. ಸಂಜೆ ಹೇಳಿದರೆ ಅದು ನಾಳೆ.”

“ಹಂಗಾದ್ರ ಅದನ್ನ ಆಜೀಗಿ ಹೇಳ್ರಿ!” ಬೇಡಗದ ಹೆಂಗಸು ತಾಟು ಹಿಡಿದುಕೊಂಡೇ ತಿರುಗಿದಳು. “ನಸಕಿನ್ಯಾಗ ಬಡದದ್ದು ಇವತ್ತಿಂದ ಅಂತ ನಿಮ್ಮ ದೇವರ ಒಪ್ಪಗೊಂಡಾನಲ್ಲ!”

“ಆಯಿ ಗ್ರೀಕ್ ಕೇಳೂದಿಲ್ರಿ ಮಾವಶಿ, ತಾಟ ನೋಡ್ರಿ, ತಾಟ!”

ಮೂರನೆಯದು ಉಬ್ಬಿತು. ಪೂರ್ತಿ ಅಲ್ಲ, ಒಂದು ಬದಿ ಮಾತ್ರ. ಆದರೆ ಬೆಂದಿತ್ತು. ಅದನ್ನು ಇನ್ನೊಂದು ಹೊಸ ತಾಟಿಗೆ ಹಾಕಿ, ಸೋಸಿದ ನೀರಿನ ತಂಬಿಗೆ ಹಿಡಿದು ಓಡಿದೆ. ಕೈ ತೊಳೆಯುವ ವ್ಯವಧಾನವೂ ಇರಲಿಲ್ಲ.

ಆಗಲೇ ಯಾರೋ ಜನರೇಟರ್ ಹಚ್ಚಿದರು. ಪಡಸಾಲೆಯ ಬಲ್ಬುಗಳೆಲ್ಲ ಒಮ್ಮೆಲೇ ಹೊತ್ತಿಕೊಂಡವು. ಸುತ್ತಲಿನವರು ಸಂತೋಷದಿಂದ ಕೂಗಿದರು. ನಾನು ಇನ್ನೂ ಜೋರಾಗಿ ಓಡಿದೆ. ದೀಪ ಬಂತೆಂದರೆ ಹಗಲು ಹೋಯಿತು ಎಂದೇ ಅಲ್ಲವೇ.

ಅತ್ತೆಯವರು ಕೋಣೆಯಲ್ಲಿರಲಿಲ್ಲ. ಬಲ್ಬಿನ ಬೆಳಕು ಬೀಳದ ಕಡೆ, ಪಡಸಾಲೆಯ ತುದಿಯ ಕಂಬಕ್ಕೆ ಒರಗಿ ಪಶ್ಚಿಮಕ್ಕೆ ಮುಖ ಮಾಡಿ ಕೂತಿದ್ದರು. ಬಳೆಗಳು ಮತ್ತೆ ಕಿಣಿಕಿಣಿ ಅನ್ನುತ್ತಿದ್ದವು. ಎರಡೂ ಕೈ ಜೋಡಿಸಿಕೊಳ್ಳಲು ಹೊರಟಿದ್ದರು. ದಿನಾ ಹಾಗೇ. ಕೈ ಜೋಡಿಸಿ, ನಮೋಕಾರ ಮಂತ್ರ ಹೇಳಿ, ಬೆಳಗಿನವರೆಗೆ ಅನ್ನ ನೀರು ಬಿಟ್ಟೆ ಎಂದು ಸಂಕಲ್ಪ ಮಾಡುತ್ತಾರೆ. ಒಮ್ಮೆ ಮಾಡಿದರೆಂದರೆ ಮುಗಿಯಿತು.

“ಆಯಿ, ತಡೀರಿ. ರೊಟ್ಟಿ ಆಗೇತಿ. ಈಗ ಬಡದೇನಿ, ಬಾವಿ ನೀರು, ಹೊಸಾ ತಾಟು.”

“ಆತ ಪೋರಿ. ಹೊತ್ತ ಮುಳಗೇತಿ.” ದನಿ ತೊದಲುತ್ತಿತ್ತು. ತಮ್ಮ ಬಲ ಅಂಗೈಯನ್ನು ಬಯಲಿನ ಕಡೆಗೆ ಚಾಚಿದರು. “ನೀನ ನೋಡು. ಗೆರಿ ಎಲ್ಲಿ ಅದಾವು?”

ನೋಡಿದೆ. ಜೀವಮಾನವಿಡೀ ತಿಕ್ಕಿ, ತೊಳೆದು, ಬಡಿದು ಸವೆದ ಅಂಗೈ. ನಡುಹಗಲಲ್ಲೂ ಅದರ ಗೆರೆಗಳು ನನಗೆ ಕಂಡಿದ್ದವೋ ಇಲ್ಲವೋ. ಕಾಣುತ್ತವೆ ಎಂದರೆ ಸುಳ್ಳು. ಕಾಣುವುದಿಲ್ಲ ಎಂದರೆ ಅವರನ್ನು ಆ ರಾತ್ರಿಗೆ ನಾನೇ ತಳ್ಳಿದ ಹಾಗೆ. ತಾಟನ್ನು ಅವರ ಮುಂದೆ ಇಟ್ಟೆ. ಇಡುವಾಗ ಸುಟ್ಟ ಬೆರಳು ತಗುಲಿ ಸ್ ಎಂದೆ.

“ಏನಾತ? ಸುಟ್ಟಗೊಂಡಿ?” ನನ್ನ ಕೈ ಹಿಡಿದು ತಮ್ಮ ಕಡೆಗೆ ಎಳೆದುಕೊಂಡರು. ಬೆರಳು ಬಿಡಿಸಿ, ಅಂಗೈಯನ್ನು ಹೊರಗಿನ ಬೂದು ಬೆಳಕಿಗೆ ತಿರುಗಿಸಿದರು. ತಿರುಗಿಸಿದವರು ಹಾಗೇ ಉಳಿದರು.

ನನ್ನ ಅಂಗೈಯ ಗೆರೆಗಳಲ್ಲೆಲ್ಲ ಜೋಳದ ಹಿಟ್ಟು ಒಣಗಿ ಕೂತಿತ್ತು. ಒಂದೊಂದು ಗೆರೆಯೂ ಬೆಳ್ಳಗೆ, ರಂಗೋಲಿ ಎಳೆಯ ಹಾಗೆ ಎದ್ದು ಕಾಣುತ್ತಿತ್ತು. ಅತ್ತೆಯವರು ತಮ್ಮ ತೋರುಬೆರಳನ್ನು ಒಂದು ಗೆರೆಯ ಉದ್ದಕ್ಕೂ, ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ನಿಧಾನಕ್ಕೆ ಎಳೆದರು. ಬೆರಳ ತುದಿಗೆ ಹಿಟ್ಟು ಅಂಟಿತು. ಅದನ್ನು ಹೆಬ್ಬೆರಳಿಗೆ ಉಜ್ಜಿ ನೋಡಿದರು. ನನ್ನ ಮುಖ ನೋಡಿದರು. ಅದು ಏನೆಂದು ಅವರಿಗೆ ತಿಳಿಯಲಿಲ್ಲ ಎಂದು ನಾನು ಯಾವತ್ತೂ ಅಂದುಕೊಂಡಿಲ್ಲ.

“ಕಾಣತಾವು,” ಎಂದರು. “ಕೊಡು.”

ರೊಟ್ಟಿ ಮುರಿದು ಬಾಯಿಗೆ ಇಟ್ಟುಕೊಂಡರು. ಪಲ್ಯವಿಲ್ಲ, ಚಟ್ನಿಯಿಲ್ಲ. ಒಂದೊಂದು ತುತ್ತಿಗೂ ಪಶ್ಚಿಮದ ಕಡೆಗೊಮ್ಮೆ ನೋಡುತ್ತಿದ್ದರು. ನಾನು ಮಣಿಕಟ್ಟಿನ ಬಳೆಗಳನ್ನೇ ನೋಡುತ್ತಾ ಕೂತೆ. ಅರ್ಧಕ್ಕಿಂತ ಹೆಚ್ಚು ತಿಂದು, ತಂಬಿಗೆ ಎತ್ತಿ ನೀರು ಕುಡಿದು, ತಾಟನ್ನು ಸರಿಸಿದರು. ಬೇಡಗದ ಹೆಂಗಸು ಇಕ್ಕಳವನ್ನು ಇನ್ನೂ ಕೈಯಲ್ಲೇ ಹಿಡಿದು ಹಿಂದೆ ಬಂದು ನಿಂತಿದ್ದಳು.

“ಬಾ ಯವ್ವಾ, ಈ ಚೂರ ನೀ ತಿನ್ನು, ಬೆಳಕ ಇರೂದ್ರಾಗ. ಉಳಿಸಿದ್ರ ನಾಳೀಗಿ ಹಳೇದಾಗತೈತಿ.”

“ನಮ್ಮ ರೊಟ್ಟಿ ನಿಮಗ ಬ್ಯಾಡಾತು, ನಿಮ್ಮದು ನಮಗ ಯಾಕ್ರಿ?” ಎಂದಳು ಆಕೆ, ಆದರೆ ಕೂತು ತಿಂದಳು. “ಒಂದ ಕಡಿ ಹಸಿ ಐತ್ರಿ ಆಜಿ. ನಿಮ್ಮ ಸೊಸೀಗಿ ಕಲಸ್ರಿ.”

“ತಾಟ ಹಿಡದಾಕಿ ನೀನ ಅಲ್ಲೇನ?” ಎಂದರು ಅತ್ತೆಯವರು. ಅವರ ದನಿಯ ತೊದಲು ಕಡಿಮೆಯಾಗಿತ್ತು.

ಹಿಂದೆ ಸಿಸ್ಟರ್ ಕೊಡೆ ಮಡಿಸಿಕೊಂಡು ನಿಂತಿದ್ದರು. ಅತ್ತೆಯವರು ಅವರಿಗೆ ಕೈ ಮುಗಿದರು, ಅವರೂ ಮುಗಿದರು. ಆಮೇಲೆ ಅತ್ತೆಯವರು ಸಂಕಲ್ಪಕ್ಕೆ ಕೈ ಜೋಡಿಸಿದವರು, ಏನನ್ನೋ ನೆನೆದು ಕೈ ಬಿಡಿಸಿ ನನ್ನ ಕಡೆ ತಿರುಗಿದರು. ನಾಳೆಗೆಂದು ಒಂದು ತುಂಡು ರೊಟ್ಟಿಯನ್ನೂ ಇಟ್ಟವರಲ್ಲ ಅವರು.

“ಪೋರಿ, ನಾಳೀಗಿ ಹಿಟ್ಟ ಐತೇನ?”

ಬೇಡಗದ ಹೆಂಗಸಿನ ಸೆರಗಿನ ಕಡೆ ನೋಡಿದೆ. ಆಕೆ ಹೌದೆಂದು ತಲೆಯಾಡಿಸಿದಳು.

“ಐತ್ರಿ, ಆಯಿ,” ಎಂದೆ.

ಅವರು ಕಣ್ಣು ಮುಚ್ಚಿ ನಮೋಕಾರ ಶುರು ಮಾಡಿದರು.